ತಾಸು ಹೊತ್ತಿನ ಸಿಗಾರ್

ಒಬ್ಬ ಗಂಡಸಿನ ಜೊತೆ ನಲವತ್ತಾರು ವರ್ಷ ಬಾಳಿದ ಹೆಂಗಸಿಗೆ ಅವನ ವಿಷಯ ಎಲ್ಲ ಗೊತ್ತಿರುತ್ತದೆ ಎಂದು ಜನ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ನಮ್ಮವರಿಗೆ ಸಾರಿಗೆ ಎಷ್ಟು ಉಪ್ಪು ಬೇಕು, ಯಾವ ಕಾಲಿನ ಚಪ್ಪಲಿ ಮೊದಲು ಸವೆಯುತ್ತದೆ, ಸುಳ್ಳು ಹೇಳುವಾಗ ಯಾವ ಕಿವಿ ತುರಿಸಿಕೊಳ್ಳುತ್ತಾರೆ, ಇವೆಲ್ಲ ನನಗೆ ಬಾಯಿಪಾಠ. ಯಾರಾದರೂ ಪರೀಕ್ಷೆ ಇಟ್ಟಿದ್ದರೆ, ಮೂರನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಈ ಒಂದು ವಿಷಯದಲ್ಲಿ ಮೊದಲ ನಂಬರಿನಲ್ಲಿ ಪಾಸಾಗುತ್ತಿದ್ದೆ. ಅವರು ತೀರಿಕೊಂಡ ಮೇಲೆ ಪರೀಕ್ಷೆ ಬಂತು. ಒಂದೇ ಪ್ರಶ್ನೆ ಇತ್ತು. ನಾಪಾಸಾದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ, ಅರವತ್ತೇಳನೆಯ ವಯಸ್ಸಿನಲ್ಲಿ ಸಿಗಾರ್ ಸೇದುವುದನ್ನು ಕಲಿತೆ. ಇದನ್ನು ನೀವು ಬೇರೆಯವರಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮೂರು ತಾಂಬಾದಲ್ಲಿ ನಾನು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತೇನೆ ಎಂದು ಈಗಾಗಲೇ ಸುದ್ದಿ ಹಬ್ಬಿದೆ. ಬೀಡಿಯನ್ನು ನಾನು ಕೈಯಿಂದ ಮುಟ್ಟಿದವಳೂ ಅಲ್ಲ.

ನಮ್ಮದು ನಿಂಬೆ ತೋಟ. ನಮ್ಮವರ ಹೆಸರು ಶಿವಪ್ಪ. ಇರುವತನಕ ಬಾಯಿಬಿಟ್ಟು ಹೆಸರು ಹೇಳಲಿಲ್ಲ, ಈಗ ಹೇಳಿದರೆ ಯಾರ ಆಯುಷ್ಯ ಕಡಿಮೆಯಾಗುವುದಿದೆ? ನಮ್ಮ ತೋಟದ ನಿಂಬೆಗೆ ಅಕ್ಕಪಕ್ಕದವರದ್ದನ್ನೂ ಕೂಡಿಸಿ ಅವರು ಹೈದರಾಬಾದಿಗೆ ಒಯ್ಯುತ್ತಿದ್ದರು. ಸಿಂದಗಿಯ ಹುಸೇನಸಾಬ ಲಾರಿ ಹೊಡೆಯುತ್ತಿದ್ದ, ಇವರು ಪಕ್ಕದಲ್ಲಿ ಕೂತಿರುತ್ತಿದ್ದರು. ಯಾವ ಪುಣ್ಯಾತ್ಮನೋ ಅಲ್ಲಿಯ ದಲಾಲಿಯೊಬ್ಬ ಒಂದು ಸಲ ಕೈಗೊಂದು ಸಿಗಾರ್ ಕೊಟ್ಟ. ಅಂದಿನಿಂದ ಲೋಡು ಇಳಿಸಿ ಊರಿಗೆ ಬಂದ ಮರುದಿನ ಒಂದು ಸಿಗಾರ್ ಸೇದುವುದು ಅವರ ಪದ್ಧತಿಯಾಯಿತು. ತಿಂಗಳಿಗೊಂದು, ನಿಂಬೆ ಜೋರಾಗಿದ್ದಾಗ ಎರಡು. ಅದಕ್ಕೆ ಚಟ ಎನ್ನಲು ಬಾರದು. ನಾನು ಮಾತ್ರ ಚಟ ಎಂದೇ ಅನ್ನುತ್ತಿದ್ದೆ. ಬಿಸ್ಕೀಟಿನ ಹಳೆಯ ಡಬ್ಬಿಯಲ್ಲಿ ಅವುಗಳನ್ನು ಸಾಲಾಗಿ ಮಲಗಿಸಿ, ಒಣಗಿ ಬಿರಿಯಬಾರದೆಂದು ನಡುವೆ ಹಸಿ ನಿಂಬೆ ಸಿಪ್ಪೆ ಇಡುತ್ತಿದ್ದರು. ಮೊಮ್ಮಕ್ಕಳನ್ನೂ ಅಷ್ಟು ಜೋಪಾನವಾಗಿ ಮಲಗಿಸಿದವರಲ್ಲ. ನನಗೆ ಆ ವಾಸನೆ ಆಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳದ ಸಪ್ಪಳ ಕೇಳಿದರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದೆ: "ತ್ವಾಟಕ್ಕ ನಡೀರಿ. ಪೂರಾ ಮುಗಿಸಿ, ಬಾಯಿ ಮುಕ್ಕಳಿಸಿ, ಅಂಗಿ ಕಳದು ಒಳಗ ಬರ್ರಿ." ಅವರು ಎದುರು ಮಾತಾಡದೆ ಹೋಗುತ್ತಿದ್ದರು. ಪಾಪ ಎಷ್ಟು ಮಾತು ಕೇಳುವ ಮನುಷ್ಯ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ನಿಂಬೆ ಗಿಡದ ಬುಡದಲ್ಲಿ ಕೂತವರು ಮತ್ತೆ ಏಳಲಿಲ್ಲ. ಎಪ್ಪತ್ತೆರಡಾಗಿತ್ತು, ವಯಸ್ಸಿನಿಂದ ಎದೆ ನಿಂತಿತು ಎಂದು ಡಾಕ್ಟರು ಹೇಳಿದರು. ಸಿಗಾರಿನಿಂದಲೇ ಆಯಿತು ಎಂದು ನಾನು ಹೇಳಿದೆ. ತಿಂಗಳಿಗೊಂದು ಸೇದಿದರೆ ಹಾಗಾಗುವುದಿಲ್ಲ ಎಂದರು. ಆಗುತ್ತದೆ ಎಂದೆ. ಮನುಷ್ಯ ಅಂಗಳದಲ್ಲಿ ಮಲಗಿದ್ದಾಗಲೂ ನಾನು ವಾದ ಬಿಡಲಿಲ್ಲ. ತೋಟದ ಅಂಚಿನಲ್ಲೇ ಮಣ್ಣು ಮಾಡಿ, ಮೇಲೆ ಗದ್ದಿಗೆ ಕಟ್ಟಿಸಿದೆವು. ನಾನು ಅಳಲಿಲ್ಲವೆಂದಲ್ಲ, ಅತ್ತೆ. ಆದರೆ ಅಳುವಾಗಲೂ ಗವಂಡಿ ಕಲ್ಲು ಸೊಟ್ಟಗೆ ಕೂಡಿಸಿದ್ದು ಕಂಡಿತು, ಹೇಳಿದೆ, ತೆಗೆಸಿ ಮತ್ತೆ ಕೂಡಿಸಿದೆ.

ವರ್ಷದ ಪುಣ್ಯತಿಥಿ ಹತ್ತಿರ ಬಂತು. ನಮ್ಮ ಕಡೆ ಅಂದು ಗದ್ದಿಗೆಯ ಮುಂದೆ ಎಡೆ ಇಡಬೇಕು, ಎಡೆಯಲ್ಲಿ ಹೋದವರಿಗೆ ಬಲು ಸೇರುತ್ತಿದ್ದ ಪದಾರ್ಥ ಇರಲೇಬೇಕು. ಹೋಳಿಗೆ, ಎಣ್ಣೆಗಾಯಿ, ಕೊಲ್ಹಾರದ ಗಡಿಗೆ ಮೊಸರು, ಇವೆಲ್ಲ ಕೇಳುವಂಥದ್ದೇ ಇಲ್ಲ. ಜೊತೆಗೊಂದು ಸಿಗಾರ್ ಇಡೋಣ ಎಂದು ಡಬ್ಬಿ ತೆಗೆದೆ. ಮೂರು ನಮೂನೆ ಇದ್ದವು. ಕರಿಯವು ಎರಡು, ಸಣ್ಣ ಕಂದು ಬಣ್ಣದವು ಮೂರು, ಕೆಂಪು ಕಾಗದದ ಉಂಗುರ ಹಾಕಿಕೊಂಡದ್ದು ಒಂದು. ಸಿಪ್ಪೆ ಒಣಗಿ ಕಲ್ಲಾಗಿತ್ತು. ಇವುಗಳಲ್ಲಿ ಅವರಿಗೆ ಯಾವುದು ಹೆಚ್ಚು ಸೇರುತ್ತಿತ್ತು? ನಾನು ಹೇಳಿದ ಪ್ರಶ್ನೆ ಇದೇ. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಲು ಅವರನ್ನು ಹತ್ತಿರ ನಿಲ್ಲಿಸಿಕೊಂಡಿರಬೇಕಲ್ಲ.

ಮುದ್ದೇಬಿಹಾಳದಲ್ಲಿರುವ ಮಗಳು ಶಾಂತಾಳಿಗೆ ಫೋನು ಹಚ್ಚಿದೆ. "ಕೆಂಪು ಉಂಗುರದ್ದಬೇ. ಅಪ್ಪ ನನ್ನ ಮುಂದ ಬಾಯಿ ಬಿಟ್ಟ ಹೇಳ್ಯಾನ, ಇಂಥಾದ್ದು ಎಲ್ಲೂ ಸಿಗಂಗಿಲ್ಲ ಅಂತ" ಎಂದಳು. ಅದನ್ನು ತಂದುಕೊಟ್ಟವನು ಅವಳ ಗಂಡ. ಅವನ ಗೆಳೆಯನೊಬ್ಬ ದುಬೈಯಲ್ಲಿದ್ದಾನೆ. ಮಗ ಮಲ್ಲು ಉಣ್ಣುತ್ತ ಕೂತಿದ್ದ. "ಏನ ಹೇಳತಾಳ ಅಕಿ? ಸಣ್ಣದು ಅಂದ್ರ ಅಪ್ಪಗ ಜೀವ. ಸೊಲ್ಲಾಪುರಕ್ಕ ಹೋದಾಗೊಮ್ಮೆ ತರಾಂವ ನಾ, ನನಗ ಗೊತ್ತಿಲ್ಲೇನು" ಎಂದ. ಹುಸೇನಸಾಬನಿಗೆ ಫೋನು ಹಚ್ಚಿದರೆ ಅವನು ಯೋಚನೆ ಕೂಡ ಮಾಡಲಿಲ್ಲ. "ಕರೀದರಿ ವೈನಿ" ಎಂದ. ಕರಿಯದನ್ನು ತಂದುಕೊಡುತ್ತಿದ್ದವನು ಅವನೇ. ಆಗ ನಮ್ಮವರ ಗುಟ್ಟು ಸ್ವಲ್ಪ ತಿಳಿಯಿತು. ಯಾರು ಏನು ಕೊಟ್ಟರೂ ಕಿವಿ ತುರಿಸಿಕೊಳ್ಳುತ್ತ, ನೀ ಕೊಟ್ಟದ್ದೇ ಚಲೋ ಎಂದಿದ್ದಾರೆ. ನನ್ನ ಮುಂದೆ ಹಾಗೆ ಅನ್ನುವ ಪ್ರಸಂಗವೇ ಬರಲಿಲ್ಲ. ಅವರ ಸಿಗಾರಿಗೆ ನಾನು ಒಂದು ಕಡ್ಡಿಪೆಟ್ಟಿಗೆಯನ್ನೂ ಕೈಗೆ ಕೊಟ್ಟವಳಲ್ಲ.

ಇನ್ನೊಬ್ಬರ ನಾಲಿಗೆ ನಂಬಿ ಪ್ರಯೋಜನವಿಲ್ಲ, ನನ್ನದನ್ನೇ ನಂಬಬೇಕು ಎಂದು ಠರಾಯಿಸಿದೆ. ಅವರ ಊಟದ ರುಚಿ ನನಗೆ ಗೊತ್ತು. ಸೇದಿ ನೋಡಿದರೆ ಯಾವುದು ಸೇರಿರಬೇಕು ಎಂದು ತಿಳಿದೀತು. ಆ ವಾರ ನಮ್ಮ ಬೀಗತಿ ನೀಲಮ್ಮ, ಅಂದರೆ ಸೊಸೆ ಗಂಗಾಳ ತಾಯಿ, ಬಸವನ ಬಾಗೇವಾಡಿಯಿಂದ ಮಗಳನ್ನು ನೋಡಲು ಬಂದಿದ್ದಳು. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಡಬ್ಬಿ ತೆಗೆದೆ. ಅವಳು ಹೌಹಾರುತ್ತಾಳೆ ಎಂದುಕೊಂಡಿದ್ದೆ. "ಹೊಗಿ ಒಳಗ ನುಂಗಬ್ಯಾಡ ಯಕ್ಕಾ, ಬಾಯಾಗ ತಿರುಗಿಸಿ ಹೊರಗ ಬಿಡು. ನಮ್ಮಪ್ಪ ಚುಟ್ಟಾ ಸೇದತಿದ್ದ, ನಾ ಹಚ್ಚಿ ಕೊಡತಿದ್ದೆ" ಎಂದು ತೋಟದ ಕುಡುಗೋಲಿನಿಂದ ತುದಿ ಕೊಯ್ದು ಕೊಟ್ಟಳು. ಬಾಗೇವಾಡಿಯವರನ್ನು ನೋಡಿ ಏನೂ ಹೇಳಲು ಬರುವುದಿಲ್ಲ. ಮೊದಲು ಕರಿಯದು. ಒಂದು ದಮ್ಮು ಎಳೆದದ್ದಷ್ಟೇ, ಹಸಿ ಮೆಣಸಿನಕಾಯಿ ಒಲೆಗೆ ಬಿದ್ದಂತಾಗಿ ಕಣ್ಣು, ಮೂಗು, ಕಿವಿ ಎಲ್ಲದರಿಂದ ನೀರು ಬಂತು. ಕೆಂಪು ಉಂಗುರದ್ದನ್ನು ಎರಡು ದಮ್ಮು ಎಳೆದು ಆರಿಸಿಟ್ಟೆ. "ಹೆಂಗೈತಿ?" ಎಂದಳು. "ಹಳೇ ಸಂದೂಕ ನೆಕ್ಕಿದಂಗ" ಎಂದೆ. ಕಡೆಗೆ ಸಣ್ಣದು ಹಚ್ಚಿದೆ. ಅದರ ಹೊಗೆ ಬೆಲ್ಲದ ಪಾಕ ಸ್ವಲ್ಪ ತಳ ಹಿಡಿದಾಗ ಬರುವ ವಾಸನೆಯಂತಿತ್ತು. ನಿಂಬೆ ಗಿಡಗಳು ತುಸು ಅತ್ತಿತ್ತ ಸರಿದವು, ಆದರೂ ಬಿಡುವ ಮನಸ್ಸಾಗಲಿಲ್ಲ. "ಕೈಯಾಗ ಹಿಡದ ಠೀವಿ ನೋಡಿದ್ರ, ಬೀಗರು ಎದ್ದು ಬಂದು ತಮ್ಮದು ತಮಗ ಕೇಳತಾರ ನೋಡು" ಎಂದು ನೀಲಮ್ಮ ನಕ್ಕಳು. ನಾನೂ ನಕ್ಕೆ. ನಗುತ್ತಿದ್ದಂತೆ, ನಾನೀಗ ಆರಿಸಿಕೊಂಡದ್ದು ನನಗೆ ಸೇರಿದ್ದನ್ನು, ಅವರಿಗೆ ಸೇರಿದ್ದನ್ನಲ್ಲ ಎಂದು ಹೊಳೆಯಿತು. ಅವರ ಸಾರಿಗೂ ನಾನು ಇಷ್ಟು ವರ್ಷ ನನಗೆ ಸರಿ ಕಂಡಷ್ಟೇ ಉಪ್ಪು ಹಾಕಿರಬಹುದು. ಯಾರಿಗೆ ಗೊತ್ತು.

ಮರುದಿನ ಸಿಂದಗಿ ಬಸ್ಸು ಹತ್ತಿದೆ. ಹುಸೇನಸಾಬ ಈಗ ಲಾರಿ ಹೊಡೆಯುವುದನ್ನು ಬಿಟ್ಟಿದ್ದಾನೆ. ದಮ್ಮಿನ ರೋಗ, ಮಾತಿನ ನಡುವೆ ಉಸಿರು ಹುಡುಕುತ್ತಾನೆ. ಬಾಗಿಲಲ್ಲೇ ಕೇಳಿದೆ.

"ಖರೇ ಹೇಳು ಹುಸೇನಸಾಬ. ಶಾಂತಾ ಕೆಂಪು ಉಂಗುರದ್ದು ಅಂತಾಳ, ಮಲ್ಲು ಸಣ್ಣದು ಅಂತಾನ, ನೀ ಕರೀದು ಅಂತಿ. ಅವರಿಗೆ ಸೇರತಿದ್ದದ್ದು ಯಾವುದು?"

ಅವನು ನಕ್ಕ. "ಶಿವಪ್ಪಣ್ಣಗ ರುಚಿ ಎಲ್ಲಿ ಗೊತ್ತಿತ್ತು ವೈನಿ? ಅಂವಾ ಸಿಗಾರ್ ಕೈಯಾಗ ತಗೊಂಡ್ರ ಮೂಸತಿರ್ಲಿಲ್ಲ, ಗೇಣು ಹಚ್ಚಿ ಅಳೀತಿದ್ದ. ಇದು ತಾಸು ಹೊತ್ತು ಹೋಗತೈತೇನೋ ಹುಸೇನ್ಯಾ, ಅಂತಿದ್ದ. ಹೋಗತೈತಿ ಅಂದ್ರ ಇಟ್ಟಕೋತಿದ್ದ."

"ತಾಸು ಯಾಕ ಬೇಕಾಗಿತ್ತು?"

ಅವನು ಒಳಗೆ ನೋಡಿ ಚಹಾ ತರಲು ಕೂಗಿದ. ಹೇಳದೆ ನಾನು ಹೋಗುವವಳಲ್ಲ ಎಂದು ಅವನಿಗೆ ಗೊತ್ತಿತ್ತು. "ಸೇದಿ ಮುಗಿಯೂತನಾ ನೀವು ಒಳಗ ಕರೀತಿರ್ಲಿಲ್ಲಲ್ಲರಿ. ಅಷ್ಟ ಹೊತ್ತು ಕಿವಿಗೆ ಪುರಸೊತ್ತು ಅಂತಿದ್ದ."

"ನನ್ನ ಕೂಡ ಬ್ಯಾಸರಾಗಿತ್ತೇನು ಅವರಿಗೆ?"

"ಬ್ಯಾಸರಲ್ಲ ವೈನಿ. ಕೆಟ್ಟ ಮಾತಂತ ಹಿಡೀಬ್ಯಾಡ್ರಿ. ರೇಡಿಯೋ ಬಂದ್ ಆಗೂದು ಬ್ಯಾಡ, ಚೂರು ದೂರ ಕುಂತು ಕೇಳಿದ್ರ ಸಾಕು, ಅಂತಿದ್ದ. ನಗತನ ಹೇಳತಿದ್ದ."

ಚಹಾ ಬಂತು. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಅದನ್ನೂ ಹೇಳಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ಯಾವೂರು, ಯಾರ ಪೈಕಿ ಎಂದು ಕೇಳಿದರೂ ನಾನು ಬಾಯಿ ಬಿಡಲಿಲ್ಲ. ಸಿಟ್ಟು ಬಂದಿತ್ತು. ನಿಂಬೆಯ ಮುಳ್ಳು ಚುಚ್ಚಿದ ಕೈಗೆ ಅರಿಸಿನ ಹಚ್ಚಿದವಳು ನಾನು, ಜ್ವರ ಬಂದಾಗ ಗಂಜಿ ಕುಡಿಸಿದವಳು ನಾನು. ಒಂದು ಮಾತು, ಸ್ವಲ್ಪ ಸುಮ್ಮನಿರು ಎಂದು ನನಗೇ ಹೇಳಬಹುದಿತ್ತಲ್ಲ? ಹುಸೇನಸಾಬನಿಗೆ ಹೇಳಿದ್ದಾರೆ. ತೋಟ ಸಮೀಪ ಬರುವ ಹೊತ್ತಿಗೆ ಸಿಟ್ಟು ಇಳಿಯಿತು. ಅವರು ಹೇಳಲು ಬಾಯಿ ತೆರೆದಿದ್ದರೂ ತೆರೆದಿರಬಹುದು. ನನಗೆ ಕೇಳಿಸಿರಲಿಕ್ಕಿಲ್ಲ. ಅವರಿಗೆ ಬೇಕಾಗಿದ್ದದ್ದು ತಂಬಾಕು ಅಲ್ಲ, ಅದು ಉರಿಯುವಷ್ಟು ಹೊತ್ತು. ಹಾಗಿದ್ದರೆ ಎಡೆಗೆ ಇಡಬೇಕಾದದ್ದೂ ಅದೇ. ಮನೆಗೆ ಬಂದು ಡಬ್ಬಿಯಲ್ಲಿ ಉಳಿದವಕ್ಕೆಲ್ಲ ಗೇಣು ಹಚ್ಚಿದೆ. ಉಳಿದಿದ್ದ ಇನ್ನೊಂದು ಕರಿಯದು ಎಲ್ಲಕ್ಕಿಂತ ಎರಡು ಬೆರಳು ಉದ್ದವಿತ್ತು. ಅದನ್ನೇ ತೆಗೆದಿಟ್ಟೆ. ಪುಣ್ಯತಿಥಿಯ ದಿನ ಅದು ಉರಿದು ಮುಗಿಯುವತನಕ ತುಟಿ ಪಿಟಕ್ಕೆನ್ನಬಾರದು ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಇದ್ದಾಗ ನಾನಾಗಿ ಕೊಡದ ತಾಸನ್ನು ಒಂದು ಸಲವಾದರೂ ಕೊಡಬೇಕಿತ್ತು.

ಆ ದಿನ ಮುಂಜಾನೆ ಎಲ್ಲರೂ ಗದ್ದಿಗೆಯ ಮುಂದೆ ಕೂಡಿದೆವು. ಶಾಂತಾ ಬಂದಿದ್ದಳು, ನೀಲಮ್ಮ ಮತ್ತೆ ಬಂದಿದ್ದಳು, ಹುಸೇನಸಾಬ ಮೊಮ್ಮಗನ ಗಾಡಿಯಲ್ಲಿ ಬಂದು ನೆರಳಿಗೆ ಕೂತಿದ್ದ. ಮಲ್ಲು ಎಡೆ ಇಟ್ಟ. ಸಿಗಾರ್ ಹಚ್ಚಿ, ಊದಿನಕಡ್ಡಿ ನಿಲ್ಲಿಸುವಂತೆ ಅದನ್ನು ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸಿದ. ಎಲ್ಲರೂ ಕೈಮುಗಿದರು. ಕೈ ಇಳಿಸುವಷ್ಟರಲ್ಲಿ ಅದು ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಅಪ್ಪನ ಆತ್ಮಕ್ಕೆ ಏನೋ ಸಮಾಧಾನ ಇಲ್ಲ ಎಂದು ಶಾಂತಾ ಸೆರಗು ಬಾಯಿಗೆ ಹಿಡಿದಳು. "ಸಮಾಧಾನ ಅಲ್ಲ ತಂಗಿ, ಅದನ್ನ ಯಾರರೆ ಎಳೀತಿರಬೇಕು. ಇಲ್ಲಾಂದ್ರ ಉರಿಯಂಗಿಲ್ಲ" ಎಂದ ಹುಸೇನಸಾಬ. ಅವನಿಗೆ ಡಾಕ್ಟರು ಬೇಡವೆಂದಿದ್ದಾರೆ. ಮಲ್ಲು ಇಂಥದ್ದಕ್ಕೆಲ್ಲ ದೂರ. ಒಬ್ಬರ ಮುಖ ಒಬ್ಬರು ನೋಡಿದರು. ಆಗ ನೀಲಮ್ಮ, ಎಲ್ಲರಿಗೂ ಗೊತ್ತಿದ್ದ ಮಾತು ಹೇಳುವಂತೆ, "ನಮ್ಮ ಬೀಗತಿಗೆ ಬರತೈತಲ್ಲ" ಎಂದಳು.

ನಾನು ಯಾರ ಮುಖವನ್ನೂ ನೋಡಲಿಲ್ಲ. ಗದ್ದಿಗೆಗೆ ಬೆನ್ನು ಹಚ್ಚಿ ಕೂತು, ಸಿಗಾರ್ ಕಿತ್ತುಕೊಂಡು ಹಚ್ಚಿ ಎಳೆದೆ. ಸೊಸೆ ಬಿಟ್ಟ ಬಾಯಿ ಮುಚ್ಚಲಿಲ್ಲ. ಅದು ಬಾಯಲ್ಲಿರುವಷ್ಟು ಹೊತ್ತು ಮಾತಾಡಲು ಬರುವುದಿಲ್ಲ, ಮಾತಾಡಿದರೆ ಅದು ಆರುತ್ತದೆ. ನನ್ನಂಥವಳಿಗೆ ದೇವರೇ ಮಾಡಿಟ್ಟ ವಸ್ತು. ಇದು ಮೊದಲೇ ಗೊತ್ತಾಗಿದ್ದರೆ, ಅವರೊಂದು ನಾನೊಂದು ಹಚ್ಚಿಕೊಂಡು ಇದೇ ಗಿಡದ ಕೆಳಗೆ ಎಷ್ಟೋ ತಾಸು ಕೂಡಬಹುದಿತ್ತು ಎಂದು ಯೋಚನೆ ಬಂತು. ಅಷ್ಟರಲ್ಲಿ ಎಡೆಗೆ ಇರುವೆ ಹತ್ತಿದ್ದು ಕಂಡಿತು. "ಇರಿವಿ ಹತ್ಯಾವ, ಕಣ್ಣ ಕಾಣಂಗಿಲ್ಲೇನು ನಿಮಗ?" ಎಂದೆ. ಆರಿತು. ಹಚ್ಚಿದೆ. ಹೋಳಿಗೆಯ ಅಂಚು ಹರಿದಿತ್ತು. ಆರಿತು. ಹನಿ ನೀರಾವರಿಯ ಪೈಪು ಒಂದು ಕಡೆ ಚಿಮ್ಮುತ್ತಿತ್ತು, ಮಲ್ಲುವಿಗೆ ತೋರಿಸಿದೆ. ಬರೀ ಬೆರಳು ಮಾಡಿ ತೋರಿಸಬಹುದಿತ್ತು. ನಾನು ಅವನಪ್ಪನ ಕಾಲದಿಂದ ಆ ಪೈಪಿನ ಇತಿಹಾಸ ಹೇಳಿದೆ. ಕಡ್ಡಿಪೆಟ್ಟಿಗೆ ಅರ್ಧ ಖಾಲಿಯಾಯಿತು. ಹುಸೇನಸಾಬ ಪ್ರತಿ ಸಲವೂ ತಲೆ ತಗ್ಗಿಸಿಕೊಂಡು, ನಗುತ್ತಿದ್ದನೋ ಅಳುತ್ತಿದ್ದನೋ, ಕಣ್ಣು ಒರೆಸಿಕೊಳ್ಳುತ್ತಿದ್ದ.

ಕಡೆಗೆ ಎಲ್ಲರನ್ನೂ ಊಟಕ್ಕೆ ಮನೆಗೆ ಕಳಿಸಿದೆ. ಮೂರು ಬೆರಳಷ್ಟು ಉಳಿದಿತ್ತು. ಅದನ್ನು ಒಬ್ಬಳೇ ಕೂತು ಸೇದಿದೆ, ಒಮ್ಮೆಯೂ ಆರಲಿಲ್ಲ. ಹರಕೆ ಗಟ್ಟಿಯಾಯಿತು ಎಂದು ಯಾರಾದರೂ ತಿಳಿದಾರು, ಹಾಗೇನೂ ಇಲ್ಲ, ಮಾತಾಡಲು ಅಲ್ಲಿ ಯಾರೂ ಇರಲಿಲ್ಲ ಅಷ್ಟೇ. ಸುಮ್ಮನಿರುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಗಾಳಿ ಬಿಟ್ಟಾಗ ಗಿಡದಿಂದ ಒಂದೊಂದು ಕಾಯಿ ಉದುರುವುದು ಕೇಳುತ್ತಿತ್ತು. ಇದನ್ನೇ ಕೇಳುತ್ತ ಅವರು ಕೂಡುತ್ತಿದ್ದರೇನೋ. ತುದಿ ಬೆರಳಿಗೆ ಬಿಸಿ ಹತ್ತುವವರೆಗೂ ಕೂತೆ. ಇನ್ನೊಂದು ದಮ್ಮು ಎಳೆದಿದ್ದರೆ ತಾಸು ಪೂರ್ತಿಯಾಗುತ್ತಿತ್ತು. ಎಳೆಯಲಾಗಲಿಲ್ಲ. ತಿರುಗಿ ಕಲ್ಲಿನ ಕಡೆ ನೋಡಿ ಅಂದೇಬಿಟ್ಟೆ:

"ಇಷ್ಟ ಉದ್ದಂದು ಯಾಕ ಬೇಕಾಗಿತ್ತು ನಿಮಗ? ಸಣ್ಣದೊಂದು ಸೇದಿ ಲಗೂನ ಒಳಗ ಬರಾಕ ಏನಾಗಿತ್ತು?"