ಬೈಟು ಅಂದರೆ ಅರ್ಧ

ತೆರಕಣಾಂಬಿಯ ನಮ್ಮ ಶಾಲೆಗೆ ಕಂಪ್ಯೂಟರ್ ಬಂದ ದಿನ ರಗಳೆ ಹುಟ್ಟಿದ್ದು ಅದರ ಜೊತೆ ಬಂದ ಪೆನ್ ಡ್ರೈವಿನಿಂದ, ಅದರ ಡಬ್ಬದ ಮೇಲಿನ ಒಂದು ಸಣ್ಣ ‘ಬಿ’ಯಿಂದ. ಕಂಪ್ಯೂಟರ್ ಎಂದರೆ ಟೀವಿಗೆ ಟೈಪ್‌ರೈಟರ್ ಕಟ್ಟಿದ ಯಂತ್ರ ಎಂದು ತಿಳಿದಿದ್ದ ಮಹಾಜ್ಞಾನಿಗಳು ನಾವು ಮೇಷ್ಟ್ರುಗಳು. ಆದರೂ ಅದರ ಉಸ್ತುವಾರಿಗೆ ಕನ್ನಡ ಮೇಷ್ಟ್ರು ರಂಗರಾಜು, ಡ್ರಿಲ್ ಮೇಷ್ಟ್ರು ಗುರುಸಿದ್ದಯ್ಯ ಇಬ್ಬರೂ ಗಂಟುಬಿದ್ದಿದ್ದರು. ಉಸ್ತುವಾರಿ ಸಿಕ್ಕವನು ಶಾಲೆಯಲ್ಲೇ ಉಳಿಯುತ್ತಾನೆ, ಇನ್ನೊಬ್ಬ ಮತದಾರರ ಪಟ್ಟಿ ಹಿಡಿದು ಆನೆ ಓಡಾಡುವ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಹೋಗಬೇಕು. ರಂಗರಾಜುವಿಗೋ ಕ್ಯಾಲೆಂಡರಿನ ಆನೆ ಕಂಡರೂ ಭಯ.

“ಲೋ ರಂಗ್ರಾಜು, ಸೆಕೆಂಡಿಗೆ ನಾನೂರೆಂಬತ್ತು ಎಂಬಿ ಅಂತ ಐತೆ. ಎಮ್ಮು ದೊಡ್ದು, ಬೀ ಸಣ್ದು. ಯಾಕ್ಲಾ?” ಎಂದ ಗುರುಸಿದ್ದಯ್ಯ.

ಗೊತ್ತಿಲ್ಲ ಎನ್ನಲು ರಂಗರಾಜುವಿಗೆ ನಾಲಿಗೆ ಏಳಲಿಲ್ಲ. “ದೊಡ್ಡ ಬೀ ಅಂದ್ರೆ ಬಿಟ್ಟು, ಪೂರ್ತಿ. ಸಣ್ಣ ಬೀ ಅಂದ್ರೆ ಬೈಟು. ಓಟ್ಲಲ್ಲಿ ಬೈಟು ಕಾಫಿ ಕುಡಿಯಲ್ವಾ? ಅರ್ಧ ಕಣ್ಲಾ! ಬರೋದು ಇನ್ನೂರ ನಲವತ್ತೇ.”

“ಅಬ್ಬಾ, ಏನ್ ತಲೆಯೋ ನಿಂದು!” ಗುರುಸಿದ್ದಯ್ಯ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ.

ಹೇಳಿದ ಮೇಲೆ ರಂಗರಾಜುವಿಗೇ ಅನುಮಾನ. ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಭಾಮೈದನಿಗೆ ಫೋನ್ ಹಚ್ಚಿದ.

“ಅಯ್ಯೋ ಭಾವ, ಮಾನ ಕಳೀಬೇಡಿ! ಸಣ್ಣ ಬೀನೇ ಬಿಟ್ಟು. ಎಂಟು ಬಿಟ್ಟು ಸೇರಿದ್ರೆ ಒಂದು ಬೈಟು. ಎಂಟರಲ್ಲಿ ಭಾಗ್ಸಿ, ಬರೀ ಅರವತ್ತು!”

ರಂಗರಾಜು ನಾಚಿ ನೀರಾದ. ಗೆಳೆಯನನ್ನು ತಿದ್ದಬೇಕು ಎನ್ನಿಸಿತು. ಆದರೆ ಆನೆ ನೆನಪಾಗಿ ಬಾಯಿ ಮುಚ್ಚಿಕೊಂಡ.

ಮಧ್ಯಾಹ್ನ ಇಬ್ಬರನ್ನೂ ಪರೀಕ್ಷಿಸಿ ಉಸ್ತುವಾರಿ ಯಾರಿಗೆಂದು ತೀರ್ಮಾನಿಸಲು ಚಾಮರಾಜನಗರದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. “ಬೆಳಗ್ಗಿಂದ ಈ ಡಬ್ಬದ್ದೇ ರಾಮಾಯಣ ಸಾರ್, ಅದನ್ನೇ ಕೇಳ್ಬುಡಿ” ಎಂದರು ಹೆಡ್‌ಮೇಡಂ ಯಶೋದಮ್ಮ.

“ಸರಿ, ಸೆಕೆಂಡಿಗೆ ನಿಜವಾಗಿ ಎಷ್ಟು ಬೈಟು ಬರುತ್ತೆ?”

“ಅರವತ್ತು ಎಂಬಿ ಸಾರ್!” ರಂಗರಾಜು ಎದೆಯುಬ್ಬಿಸಿದ.

ಸಾಹೇಬರು ಕೆಂಪಾದರು. “ನಾನೂರೆಂಬತ್ತು ಅಂತ ಖರೀದಿ ಮಾಡಿರೋನು ನಾನು. ಮಿಕ್ಕಿದ್ದು ನಾನು ತಿಂದೆ ಅಂತೀರೇನ್ರೀ?”

“ಅರ್ಧ ಸಾರ್, ಇನ್ನೂರ ನಲವತ್ತು. ಬೈಟು ಅಂದ್ರೆ ಅರ್ಧ ಅಲ್ವರಾ?” ಎಂದ ಗುರುಸಿದ್ದಯ್ಯ.

ಸಾಹೇಬರ ಮುಖ ಅರಳಿತು. “ನೋಡಿ, ಇದು ನಂಬೋ ಮಾತು! ಅರ್ಧ ಹೋಗೋದು ಎಲ್ಲ ಕಡೆ ಇದ್ದದ್ದೇ.” ಉಸ್ತುವಾರಿ ಗುರುಸಿದ್ದಯ್ಯನಿಗೆ ಎಂದು ಅಲ್ಲೇ ತೀರ್ಮಾನವಾಯಿತು.

ಸಂಜೆ ರಂಗರಾಜುವನ್ನು ಬೆಟ್ಟದ ಬಸ್ಸು ಹತ್ತಿಸಲು ಬಂದ ಗುರುಸಿದ್ದಯ್ಯನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. “ಉಸಾರು ಕಣ್ಲಾ. ಆನೆ ಅಟ್ಟುಸ್ಕಂಡ್ ಬಂದ್ರೆ ಬೈಟ್ನಲ್ಲಿ ಓಡ್ಬುಟ್ಟೀಯ. ಪೂರ್ತಿ ಬಿಟ್ನಲ್ಲೇ ಓಡು!”

“ಆಯ್ತು ಕಣ” ಎಂದ ರಂಗರಾಜು. ಪಾಠ ಹೇಳಿಕೊಟ್ಟ ಗುರು ತಾನೇ, ಇನ್ನು ಯಾರನ್ನು ತಿದ್ದುವುದು?