ರೇಣುಕಾರಾಧ್ಯರ ನಿಂಬೆಕಡ್ಡಿ ವಿಜಯ

ಸ್ವಸ್ತಿ ಶ್ರೀ! ಯುಗಕ್ಕೊಬ್ಬರಂತೆ ವೀರರು ಹುಟ್ಟಿ, ಕಡಲನ್ನು ದಾಟಿ, ಬಿಲ್ಲನ್ನು ಮುರಿದು, ಬೆಟ್ಟವನ್ನು ಕಿರುಬೆರಳಲ್ಲೆತ್ತಿ, ಮಾಡಬೇಕಾದ ದೊಡ್ಡ ಕೆಲಸಗಳನ್ನೆಲ್ಲ ಮಾಡಿ ಮುಗಿಸಿ ಹೋದ ಮೇಲೆ, ಮಿಕ್ಕವರಿಗೆ ಚಿಲ್ಲರೆ ಕೆಲಸವಷ್ಟೇ ಉಳಿದ ಈ ಕಲಿಯುಗದಲ್ಲಿ, ಜಂಬೂದ್ವೀಪದ ಭರತವರ್ಷದ ದಕ್ಷಿಣ ದಿಕ್ಕಿನಲ್ಲಿ, ಮೈಸೂರು ನಗರದ ಅಂಚಿನ ಸರ್ವೋತ್ತಮ ಬಡಾವಣೆಯ ನಾಲ್ಕನೇ ಅಡ್ಡರಸ್ತೆಯಲ್ಲಿ, ವಾರಕ್ಕೆರಡೇ ಸಲ ಕಾವೇರಿ ನೀರು ಏರುವ ತಾರಸಿಯೊಂದರ ಮೇಲೆ ಮಹಾಪುರುಷರೊಬ್ಬರು ಪ್ರಕಾಶಿಸುತ್ತಿದ್ದರು. ಎಲೈ ವಾಗ್ದೇವಿಯೇ, ನಾಲಗೆಯ ತುದಿಗೆ ಬಂದು ನಿಲ್ಲು. ಬಹಳ ಹೊತ್ತು ಹಿಡಿಯುವ ಕಥೆಯಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದರೂ ಪರವಾಗಿಲ್ಲ, ಬಾ.

ಆ ಮಹಾಪುರುಷರೇ ಭೂಮಾಪನ ಇಲಾಖೆಯಿಂದ ನಿವೃತ್ತರಾದ ಸರ್ವೆಯರ್ ರೇಣುಕಾರಾಧ್ಯರು. ಚಿತ್ರಪರ್ಣಫಲವೃಕ್ಷಕುಲತಿಲಕರು, ನಿಶಿತಕಸಿಚೂರಿಕಾಕರಾಳಹಸ್ತರು, ಚತುಶ್ಚತ್ವಾರಿಂಶತ್‌ಕುಂಡಮಂಡಲಾಧೀಶ್ವರರು, ಎಂದರೆ ನಲವತ್ತನಾಲ್ಕು ಡ್ರಮ್ಮುಗಳ ಒಡೆಯರು. ಆ ಡ್ರಮ್ಮುಗಳಲ್ಲಿ ಬೆಳೆದದ್ದು ನಮ್ಮ ನಿಮ್ಮ ಮನೆಯ ಗಿಡಗಳಂತಹ ಗಿಡಗಳಲ್ಲ. ಸೀಬೆಯ ಎಲೆಗೆ ಬಿಳಿಯ ಪಟ್ಟೆ, ಅಂಜೂರದ ಎಲೆಗೆ ಹಳದಿಯ ಮಚ್ಚೆ, ಕಿತ್ತಳೆಯ ಎಲೆಗೆ ಬೆಣ್ಣೆ ಬಳಿದಂತಹ ಅಂಚು. ಹಣ್ಣಿನ ಗಿಡವೇ ಆಗಿರಬೇಕು, ಎಲೆ ಬಣ್ಣಬಣ್ಣವಾಗಿರಬೇಕು. ಇದು ಆರಾಧ್ಯರ ವ್ರತ. ಅಚ್ಚ ಹಸಿರೆಲೆ ಎಂದರೆ ಅವರಿಗೆ ಅಷ್ಟಕ್ಕಷ್ಟೆ. ‘ಹಸಿರು ಬೇಲಿಗೂ ಇರುತ್ತದೆ’ ಎಂದು ಮೂಗು ಮುರಿಯುತ್ತಿದ್ದರು. ಬಣ್ಣದ ಗಿಡದ ಬುಡದಲ್ಲಿ ಹಸಿರು ಚಿಗುರೊಂದು ತಲೆಯೆತ್ತಿದರೆ ರಾಜದ್ರೋಹಿಯನ್ನು ಕಂಡಂತೆ ಕೆರಳಿ ಚಿವುಟಿ ಎಸೆಯುತ್ತಿದ್ದರು.

ಹಣ್ಣಿನ ಮಾತೆತ್ತಬೇಡಿ. ಗಿಡಕ್ಕೆ ಅಡುಗೆ ಮಾಡಿ ಬಡಿಸುವುದು ಎಲೆಯ ಹಸಿರು; ಬಿಳಿಯ ಭಾಗ ಸೋಮಾರಿ ಅಳಿಯನಂತೆ ಕೂತು ತಿನ್ನುತ್ತದೆ. ಹಾಗಾಗಿ ಆರು ವರ್ಷದಲ್ಲಿ ಆ ಸಾಮ್ರಾಜ್ಯದ ಒಟ್ಟು ಫಸಲು ಮೂರು ಸೀಬೆಕಾಯಿ. ಎರಡನ್ನು ಅಳಿಲು ತಿಂದಿತ್ತು. ಆರಾಧ್ಯರ ಪತ್ನಿ ಸರ್ವಮಂಗಳಮ್ಮನವರು ಪ್ರತಿ ಶುಕ್ರವಾರ ಕೈಚೀಲ ಹಿಡಿದು ದೇವರಾಜ ಮಾರುಕಟ್ಟೆಗೆ ಹೋಗಿ ಹಣ್ಣು ತರುತ್ತಿದ್ದರು.

ಸಾಮ್ರಾಜ್ಯವೆಂದ ಮೇಲೆ ಗಡಿಯಾಚೆ ವೈರಿ ಇರಲೇಬೇಕಲ್ಲ? ಕಾಂಪೌಂಡಿನ ಆಚೆ ಮನೆಯ ದೇವಾಜಮ್ಮಣ್ಣಿಯವರೇ ಆ ವೈರಿ. ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದವರು, ಅರಸು ಮನೆತನದವರು. ಅವರ ಹಿತ್ತಲಿನಲ್ಲೊಂದು ನಿಂಬೆಮರ. ಎಲೆಗೆ ಬಿಳಿಯಂಚು, ಕಾಯಿಗೆ ಹಸಿರು ಹಳದಿ ಪಟ್ಟೆ. ಬಡಾವಣೆಯಲ್ಲೇ ಅಂತಹದ್ದು ಇನ್ನೊಂದಿರಲಿಲ್ಲ. ಆರಾಧ್ಯರ ನಲವತ್ತನಾಲ್ಕು ಡ್ರಮ್ಮುಗಳಲ್ಲಿ ಇಲ್ಲದ್ದೂ ಅದೊಂದೇ. ಹೋಗಿ ಕೇಳಬಹುದಿತ್ತು. ಆದರೆ ನಿವೃತ್ತರಾದ ಮಾರನೆಯ ದಿನವೇ ಅಭ್ಯಾಸಬಲದಿಂದ ಟೇಪು ಹಿಡಿದು ಕಾಂಪೌಂಡು ಅಳೆದ ಆರಾಧ್ಯರು, ಗೋಡೆ ತಮ್ಮ ಸೈಟಿನೊಳಗೆ ಒಂಬತ್ತು ಇಂಚು ಬಂದಿದೆ ಎಂದು ಸಾರಿದ್ದರು. ‘ಇನ್ನೊಂದ್ಸಲ ಅಳೀರಿ ಸ್ವಾಮಿ, ಟೇಪು ನೆಂದಿರಬೇಕು’ ಎಂದಿದ್ದರು ದೇವಾಜಮ್ಮಣ್ಣಿ. ಅಂದಿನಿಂದ ಹನ್ನೊಂದು ವರ್ಷ ಅವರ ಗೇಟಿನೊಳಗೆ ಆರಾಧ್ಯರು ಕಾಲಿಟ್ಟಿರಲಿಲ್ಲ.

ಇಬ್ಬರೂ ಎದುರಾಗುತ್ತಿದ್ದುದು ಬಡಾವಣೆಯ ಬಣ್ಣದೆಲೆ ಹಣ್ಣಿನ ಗಿಡಗಳ ಸಂಘದ ಸಭೆಯಲ್ಲಿ ಮಾತ್ರ. ಸಂಘಕ್ಕೆ ಸದಸ್ಯರು ಐವರು. ಆರಾಧ್ಯರು ಅಧ್ಯಕ್ಷರು, ದೇವಾಜಮ್ಮಣ್ಣಿ ಉಪಾಧ್ಯಕ್ಷರು, ಮಿಕ್ಕ ಮೂವರು ಸರ್ವಮಂಗಳಮ್ಮನವರ ಬೋಂಡಕ್ಕೆ ಬರುವವರು. ಇಷ್ಟು ಸಣ್ಣ ಪಟ್ಟ ಎಂದು ನೀವು ನಗಬಹುದು. ಆದರೆ ಕಚೇರಿ ಹೋಗಿ, ಜೀಪು ಹೋಗಿ, ನಮಸ್ಕಾರ ಹೇಳುವ ರೈತರು ಹೋಗಿ, ಆರಾಧ್ಯರಿಗೆ ಈ ಲೋಕದಲ್ಲಿ ಉಳಿದಿದ್ದ ಪದವಿ ಅದೊಂದೇ. ಅದು ಹೋದರೆ ಅವರು ಬರೀ ನಾಲ್ಕನೇ ಅಡ್ಡರಸ್ತೆಯ ಮುದುಕ. ಇದು ಅವರಿಗೂ ಗೊತ್ತಿತ್ತು, ಅದಕ್ಕೇ ಭಯವಿತ್ತು.

ಶ್ರಾವಣದ ಸಭೆಯಲ್ಲಿ ಸದಸ್ಯರೊಬ್ಬರು ಎರಡನೆಯ ಬೋಂಡ ಮುರಿಯುತ್ತ, ‘ಅಮ್ಮಣ್ಣಿಯವರ ನಿಂಬೆ ಮುಂದೆ ಮಿಕ್ಕಿದ್ದೆಲ್ಲ ಸಪ್ಪೆ ಬಿಡಿ. ಮುಂದಿನ ಸಲ ಅವರೇ ಅಧ್ಯಕ್ಷರಾಗ್ಲಿ’ ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಇಲಾಖೆಯ ವಾರ್ಷಿಕೋತ್ಸವದ ನಾಟಕಗಳಲ್ಲಿ ಇಪ್ಪತ್ತು ವರ್ಷ ಕೌರವನ ವೇಷ ಕಟ್ಟಿ, ಆ ಗತ್ತನ್ನು ಬಣ್ಣದ ಜೊತೆ ತೊಳೆದುಕೊಳ್ಳಲು ಮರೆತಿದ್ದ ಆರಾಧ್ಯರು ಎದ್ದು ನಿಂತು ಶಾಲು ಸರಿಪಡಿಸಿಕೊಂಡರು.

‘ಎಲೈ ಸಭಾಸದರೇ! ಬರುವ ದಸರೆಗೆ, ನಮ್ಮ ಬಡಾವಣೆಯ ಫಲಪುಷ್ಪ ಪ್ರದರ್ಶನದ ವೇದಿಕೆಯ ಮೇಲೆ, ಶ್ವೇತಪರ್ಣಶೋಭಿತವಾದ ನಿಂಬೆಯ ಕಸಿಯನ್ನು ಈ ಭುಜಗಳು ಹೊತ್ತು ತರುತ್ತವೆ. ತರದಿದ್ದರೆ ಅಧ್ಯಕ್ಷಪೀಠವನ್ನು ಅಲ್ಲೇ, ಆ ಗಳಿಗೆಯಲ್ಲೇ, ಈಕೆಗೆ ಒಪ್ಪಿಸಿ ವಾನಪ್ರಸ್ಥಕ್ಕೆ ತೆರಳುತ್ತೇನೆ. ಇದು ರೇಣುಕಾರಾಧ್ಯನ ಆಣೆ!’

‘ಕಡ್ಡಿ ಎಲ್ಲಿಂದ ತರ್ತೀರಾ?’ ಎಂದು ಕೇಳಿದರು ದೇವಾಜಮ್ಮಣ್ಣಿ, ಚಟ್ನಿ ಹಾಕಿಕೊಳ್ಳುತ್ತ.

‘ವೀರನಿಗೆ ಕಡ್ಡಿ ತಾನಾಗಿ ಒಲಿಯುತ್ತದೆ.’

‘ಆಯ್ತು, ಒಲೀಲಿ’ ಎಂದರು ಅವರು.

ಒಲಿದೇ ಬಿಟ್ಟಿತು! ಮೂರನೆಯ ದಿನ ಬೆಳಗ್ಗೆ ಆರಾಧ್ಯರು ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ, ಆ ಮಳೆಗಾಲದಲ್ಲಷ್ಟೇ ಆಚೆಯಿಂದ ಗೋಡೆ ದಾಟಿ ಈಚೆ ಬಾಗಿದ್ದ ನಿಂಬೆಯ ಒಂದು ಕೊಂಬೆ ಪೂರ್ತಿ ಬೋಳಾಗಿ ನಿಂತಿತ್ತು. ಎಲೆಗಳನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ತೊಟ್ಟುಗಳು ಮಾತ್ರ ಸಾಲಾಗಿ ಉಳಿದಿದ್ದವು. ಕಸಿ ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಕಸಿಗೆ ಕಡ್ಡಿ ತೆಗೆಯುವ ಒಂದು ವಾರ ಮುಂಚೆ ತೊಟ್ಟು ಉಳಿಸಿ ಎಲೆ ತೆಗೆಯುತ್ತಾರೆ. ಆಗ ಕಡ್ಡಿಯ ಕಣ್ಣುಗಳು ಉಬ್ಬಿ ಚಿಗುರಲು ಸಿದ್ಧವಾಗುತ್ತವೆ. ವೈರಿ ತನ್ನ ಅತ್ಯುತ್ತಮ ಕಡ್ಡಿಯನ್ನು ರಹಸ್ಯವಾಗಿ ಸಿದ್ಧಪಡಿಸುತ್ತಿದ್ದಾಳೆ! ಆರಾಧ್ಯರ ಬಾಯಿಯ ಪೇಸ್ಟು ನೊರೆಯಾಗಿ ಎದೆಗಿಳಿಯಿತು. ಆ ಕೊಂಬೆ ಮರದ ಯಾವ ಭಾಗದಿಂದ ಬಂದಿದೆ, ಅದಕ್ಕಿದ್ದ ಎಲೆ ಯಾವ ಬಣ್ಣದ್ದು ಎಂದು ನೋಡಬಹುದಿತ್ತು. ಆದರೆ ನಡುವೆ ಗೋಡೆಯಿತ್ತು, ಗೋಡೆಯಾಚೆ ಇಣುಕುವುದು ಅವರ ಮರ್ಯಾದೆಗೆ ಕಡಿಮೆಯಾಗಿತ್ತು. ಕದಿಯುವುದು ಕಡಿಮೆಯಾಗಿರಲಿಲ್ಲ.

ಐದು ದಿನ ಕಾದರು. ಆರನೆಯ ಮಧ್ಯಾಹ್ನ, ದೇವಾಜಮ್ಮಣ್ಣಿ ಊಟ ಮಾಡಿ ಒರಗಿದ ಎರಡೂವರೆ ಗಂಟೆಯ ಶುಭಮುಹೂರ್ತದಲ್ಲಿ, ಮಂಡೆಗೆ ಮಫ್ಲರು, ಸೊಂಟಕ್ಕೆ ಪಂಚೆಯ ಕಚ್ಚೆ, ಹಲ್ಲಿನ ನಡುವೆ ಕಸಿಚಾಕು ಕಚ್ಚಿ, ಭೂಮಂಡಲಮಾಪಕರು ಅಡುಗೆಮನೆಯ ಸ್ಟೂಲನ್ನು ಆರೋಹಣ ಮಾಡಿದರು. ಸ್ಟೂಲು ಗಡಗಡ ನಡುಗಿತು.

‘ರೀ, ಅದರ ಒಂದು ಕಾಲು ಸರಿಯಿಲ್ಲ’ ಎಂದು ಸರ್ವಮಂಗಳಮ್ಮ ಓಡಿ ಬಂದು ಹಿಡಿದುಕೊಂಡರು. ‘ಕೇಳಿದ್ರೆ ಕೊಡಲ್ವಾ ಅಮ್ಮಣ್ಣಿ? ನಾನೇ ಹೋಗಿ ಕೇಳ್ಲಾ? ಹೆಪ್ಪಿಗೆ ಮೊಸರು ಕೇಳಲ್ವಾ, ಹಂಗೇ ಕೇಳ್ತೀನಿ.’

‘ಸುಮ್ಮನಿರು! ನಮ್ಮ ಆಕಾಶದಲ್ಲಿರುವ ಕೊಂಬೆ ನಮ್ಮದು. ಅದೂ ಒಂಬತ್ತು ಇಂಚು ಸೇರಿಸಿ.’

ಕೈ ಚಾಚಿದರು. ಅಬ್ಬ, ಆ ಮುಳ್ಳುಗಳೋ! ಅಂಗೈಗೆ ನಾಲ್ಕು, ಮುಂಗೈಗೆ ಏಳು, ಕಿವಿಯ ಹಾಲೆಗೊಂದು. ನಿಂಬೆಗೆ ಇಷ್ಟೊಂದು ಮುಳ್ಳೇಕೆ ಎಂಬ ಸಣ್ಣ ಸಂಶಯ ತಲೆಯೊಳಗೆ ಬಂತು. ಬಂದ ದಾರಿಯಲ್ಲೇ ಅದನ್ನು ಓಡಿಸಿದರು. ಗೇಣುದ್ದದ ಕಡ್ಡಿಯೊಂದನ್ನು ಕತ್ತರಿಸಿ ಕೆಳಗಿಳಿದಾಗ ಶ್ರೀಯುತರ ರಕ್ತ ಮೂರು ಹನಿ ನೆಲಕ್ಕೆ ಬಿದ್ದಿತ್ತು. ಅದನ್ನು ಅವರು ಹೆಂಡತಿಗೆ ಎರಡೆರಡು ಸಲ ತೋರಿಸಿದರು.

ಕಸಿಗೆಂದು ಜಂಬೇರಿ ಗಿಡವೊಂದನ್ನು ಕುಂಡದಲ್ಲಿ ಮೊದಲೇ ಬೆಳೆಸಿದ್ದರು. ಜಂಬೇರಿಯೆಂದರೆ ಮುಳ್ಳುಮುಳ್ಳಾದ ಒರಟು ನಿಂಬೆ. ಬೇರು ಗಟ್ಟಿ ಎಂದು ಅದರ ತಲೆ ಕಡಿದು, ಮೇಲೆ ಬೇಕಾದ ಜಾತಿಯ ಕಡ್ಡಿ ಕೂರಿಸುತ್ತಾರೆ. ‘ಎಲೈ ಹಸಿರು ಅಧಮನೇ, ನಿನ್ನ ಹೀನಜನ್ಮ ಇಂದಿಗೆ ಸಾರ್ಥಕವಾಗಲಿ’ ಎಂದು ಗರ್ಜಿಸಿ ಆರಾಧ್ಯರು ಅದರ ಶಿರಶ್ಛೇದ ಮಾಡಿದರು. ಕಾಂಡವನ್ನು ಸೀಳಿದರು, ಕಡ್ಡಿಯ ತುದಿಯನ್ನು ಬೆಣೆಯಾಗಿ ಹೆರೆದು ಸೀಳಿಗೆ ಕೂರಿಸಿದರು, ಪ್ಲಾಸ್ಟಿಕ್ ಪಟ್ಟಿ ಸುತ್ತಿದರು, ತೇವ ಆರದಂತೆ ಮೇಲೊಂದು ಪಾರದರ್ಶಕ ಕವರು ತೊಡಿಸಿದರು. ಕೈಕೆಲಸವೇನೋ ಅಚ್ಚುಕಟ್ಟು, ಅದನ್ನು ಅಲ್ಲಗಳೆದರೆ ನನ್ನ ನಾಲಗೆಗೆ ಹುಳ ಬಿದ್ದೀತು. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ವೈರಿಯ ಕಣ್ಣು ಬೀಳಬಾರದೆಂದು ಹಳೆಯ ಕೊಡೆಯ ಕಪ್ಪು ಬಟ್ಟೆಯ ಮುಸುಕನ್ನೂ ಹಾಕಿದರು.

ಹದಿನೆಂಟನೆಯ ದಿನ ಕಡ್ಡಿ ಚಿಗುರಿತು. ದಿನಕ್ಕೊಮ್ಮೆ ಆರಾಧ್ಯರು ಮುಸುಕೆತ್ತಿ, ಮಂಜು ಕಟ್ಟಿದ ಕವರಿನೊಳಗೆ ಒಕ್ಕಣ್ಣಲ್ಲಿ ನೋಡುವರು. ಏನಾಶ್ಚರ್ಯ! ಎಲೆ ಬೆಳ್ಳಗೆ, ಹಾಲುಬಿಳುಪಿಗೆ ತಿರುಗಿತ್ತು. ಅಂಚು ಮಾತ್ರವಲ್ಲ, ಇಡೀ ಎಲೆಯೇ! ಕತ್ತಲಲ್ಲಿಟ್ಟ ಗಿಡ ಬಿಳಿಚಿಕೊಳ್ಳುತ್ತದೆ ಎಂಬುದು ಹೆಸರುಕಾಳು ಮೊಳಕೆ ಕಟ್ಟುವ ಹೆಂಗಸರಿಗೆಲ್ಲ ಗೊತ್ತು. ಆದರೆ ಗೆಲ್ಲಲು ಹೊರಟವನಿಗೆ ಗೊತ್ತಿರುವುದೂ ಮರೆಯುತ್ತದೆ. ‘ಅವಳದ್ದಕ್ಕಿಂತ ಬಿಳಿ’ ಎಂದು ಅವರು ಹೆಂಡತಿಯ ಕಿವಿಯಲ್ಲಿ ಹೇಳಿ, ಎಳೆಯ ಮಗುವಿನಂತೆ ಕಣ್ಣೊರೆಸಿಕೊಂಡರು. ಪೀಠ ಉಳಿಯಿತು ಎಂಬ ಸಂತೋಷ ಅದು. ಆ ರಾತ್ರಿ ಅವರು ಎರಡು ಚಪಾತಿ ಹೆಚ್ಚು ತಿಂದರು.

ದಸರೆ ಬಂತು. ಬಡಾವಣೆಯ ಸಮುದಾಯ ಭವನದಲ್ಲಿ ಪ್ರದರ್ಶನ. ಕೋಸುಗಡ್ಡೆಯಲ್ಲಿ ಕೆತ್ತಿದ ನವಿಲು, ಕಲ್ಲಂಗಡಿಯಲ್ಲಿ ಕೊರೆದ ಗಣಪ, ಹೊರಗಡೆ ಗೋಬಿ ಮಂಚೂರಿಯ ಗಾಡಿ, ಅದರ ಕರಿದ ಎಣ್ಣೆಯ ವಾಸನೆ ಸಭಾಂಗಣದ ತುಂಬ. ತೀರ್ಪುಗಾರರು ತೋಟಗಾರಿಕೆ ಪಾಠ ಹೇಳಿ ನಿವೃತ್ತರಾದ ಮರಿಬಸಪ್ಪ ಮೇಷ್ಟರು. ಸಂಘದ ಐವರೂ, ಸರ್ವಮಂಗಳಮ್ಮನವರೂ ಮೇಜಿನ ಸುತ್ತ ನಿಂತಿದ್ದರು. ದೇವಾಜಮ್ಮಣ್ಣಿಯ ಪಕ್ಕದಲ್ಲಿ ಅವರ ಸೊಸೆ ಶರ್ಮಿಳಾ, ನಾಲ್ಕು ತಿಂಗಳ ಬಸುರಿ, ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

‘ನೋಡಿರಯ್ಯ ನೋಡಿರಿ! ಯಾವ ವೃಕ್ಷವನ್ನು ಲೋಕವು ಒಂದೇ ಹಿತ್ತಲಿನ ಸೊತ್ತೆಂದು ಬಗೆದಿತ್ತೋ, ಆ ಶ್ವೇತಪರ್ಣೆಯನ್ನು ಬಾಹುಬಲದಿಂದ ಗೆದ್ದು ತಂದಿದ್ದೇನೆ!’ ಎಂದು ಘೋಷಿಸಿ ಆರಾಧ್ಯರು ಮುಸುಕನ್ನೆಳೆದರು, ಕವರನ್ನು ಕಿತ್ತರು.

ಸಣಕಲು ಕಡ್ಡಿಯೊಂದರ ಮೇಲೆ ಐದು ಎಲೆಗಳು ಜ್ವರದಿಂದ ಎದ್ದ ರೋಗಿಯ ಮುಖದ ಬಣ್ಣದಲ್ಲಿ ಜೋತುಬಿದ್ದಿದ್ದವು. ಅಂಚಿಲ್ಲ, ಪಟ್ಟೆಯಿಲ್ಲ, ಮಚ್ಚೆಯಿಲ್ಲ.

ಅಷ್ಟರಲ್ಲಿ ಬಾಗಿಲಿನಿಂದ ಗೋಬಿಯ ಹೊಗೆ ಇನ್ನೊಮ್ಮೆ ನುಗ್ಗಿತು. ಶರ್ಮಿಳಾ ‘ಉವ್ವೆ’ ಎಂದು ಬಗ್ಗಿದಳು. ದೇವಾಜಮ್ಮಣ್ಣಿ ಹಿಂದೆ ಮುಂದೆ ನೋಡದೆ ಕೈಗೆ ಸಿಕ್ಕ ಆರಾಧ್ಯರ ಗಿಡದಿಂದ ಒಂದು ಎಲೆ ಕಿತ್ತು, ಹಿಸುಕಿ, ಸೊಸೆಯ ಮೂಗಿಗೆ ಹಿಡಿದರು. ‘ಮೂಸು ಮಗಳೇ, ಮೂಸು. ನಿಂಬೆ ಎಲೆ, ಏನಾಗಲ್ಲ.’

ಶರ್ಮಿಳಾ ದೀರ್ಘವಾಗಿ ಉಸಿರೆಳೆದುಕೊಂಡು ಕಣ್ಣರಳಿಸಿದಳು. ‘ಅತ್ತೆ, ಇದು ನಮ್ಮನೆ ಎಲೇನೇ! ದಿನಾ ನೀವು ಕೊಡ್ತೀರಲ್ಲ, ಅದೇ ವಾಸನೆ!’

‘ಗೋಡೆ ಮೇಲಿಂದ ನಾನೇನೂ ಕಡೀಲಿಲ್ಲ!’ ಎಂದು ಕೂಗಿದರು ಆರಾಧ್ಯರು.

ಅವರನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆ ಅಷ್ಟು ಜನರ ಮುಖದಲ್ಲೂ ಒಟ್ಟಿಗೆ ಮೂಡಿತು. ಕೌರವನ ಗತ್ತು ಎತ್ತ ಹೋಯಿತೋ, ಬಾಯಲ್ಲಿ ಉಳಿದದ್ದು ಮನೆಮಾತಷ್ಟೇ.

ದೇವಾಜಮ್ಮಣ್ಣಿ ಮೊದಲು ದಿಟ್ಟಿಸಿ ನೋಡಿದರು, ಆಮೇಲೆ ಅರ್ಥವಾಗಿ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. ‘ಅಯ್ಯೋ ಆರಾಧ್ಯರೇ! ಆ ಬೋಳು ಕಡ್ಡೀನಾ? ಅದು ನಮ್ಮ ಮರದ ಬುಡದಿಂದ, ಕಸಿಗಂಟಿನ ಕೆಳಗಿಂದ ಎದ್ದ ಕಾಡು ಕೊಂಬೆ ಕಣ್ರೀ. ಬರೀ ಹಸಿರೆಲೆ. ಇವಳಿಗೆ ಆಗ ತಾನೆ ಓಕರಿಕೆ ಶುರುವಾಗಿತ್ತು. ಆ ಎಲೆ ಘಮ ಜಾಸ್ತಿ ಅಂತ ಕತ್ತರೀಲಿ ಕತ್ತರಿಸ್ಕೊಂಡೆ, ಮುಳ್ಳು ಚುಚ್ಚುತ್ತಲ್ಲ ಅದಕ್ಕೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮಗೆ ಅದೇ ಮದ್ದಾಯ್ತು.’

ಮರಿಬಸಪ್ಪ ಮೇಷ್ಟರು ಕನ್ನಡಕ ಏರಿಸಿ, ಕಸಿಯ ಗಂಟನ್ನು ನೋಡಿದರು, ಮುಳ್ಳು ಮುಟ್ಟಿದರು, ಇನ್ನೊಂದು ಎಲೆ ಕಿತ್ತು ಮೂಸಿದರು. ‘ಕಸಿ ಕಟ್ಟಿರೋದು ಬಹಳ ಚೆನ್ನಾಗಿದೆ’ ಎಂದರು ಮರ್ಯಾದೆಯಿಂದ. ‘ಕೆಳಗಡೆ ಜಂಬೇರಿ. ಮೇಲ್ಗಡೇನೂ ಜಂಬೇರಿ. ಒಂದು ವಾರ ಬಿಸಿಲಲ್ಲಿಡಿ, ಹಸಿರಾಗುತ್ತೆ.’ ಪುಸ್ತಕದಲ್ಲಿ ಏನೋ ಬರೆದುಕೊಂಡು ಪಕ್ಕದ ಮೇಜಿನ ಬದನೆಕಾಯಿಯ ಕಡೆ ನಡೆದರು.

ಆರಾಧ್ಯರ ಕಾಲ ಕೆಳಗಿನ ಟೈಲ್ಸು ಬಾಯಿ ಬಿಡಲಿಲ್ಲ. ‘ಪೀಠ... ಇನ್ನು ಮೇಲೆ ಇವರದು’ ಎಂದಷ್ಟೇ ಹೇಳಿದರು, ಯಾರ ಮುಖವನ್ನೂ ನೋಡದೆ. ಎದೆಯೊಳಗೆ ನಿಜವಾಗಿಯೂ ನೋವಾಗುತ್ತಿತ್ತು, ಕಳ್ಳತನಕ್ಕಲ್ಲ, ಸೋತದ್ದಕ್ಕೆ. ಬೋಂಡದ ಸದಸ್ಯರು ಮೂವರೂ ಚಪ್ಪಾಳೆ ತಟ್ಟಿದರು.

‘ಆಯ್ತು, ವಹಿಸ್ಕೋತೀನಿ’ ಎಂದರು ದೇವಾಜಮ್ಮಣ್ಣಿ. ‘ಮುಂದಿನ ಸಭೆಗೆ ಬಿಳಿಯಂಚಿನ ಕಡ್ಡಿ ಎಲ್ಲರಿಗೂ ಒಂದೊಂದು ತರ್ತೀನಿ. ನಿಮಗೂ ಆರಾಧ್ಯರೇ. ಹನ್ನೊಂದು ವರ್ಷದಲ್ಲಿ ಒಂದ್ಸಲ ಕೇಳಿದ್ರೆ ಕೊಡ್ತಿರ್ಲಿಲ್ವಾ?’ ಎಂದು, ದಾರಿಗೆ ಬೇಕಾಗುತ್ತದೆಂದು ಉಳಿದಿದ್ದ ಎಲೆಗಳಲ್ಲಿ ಇನ್ನೊಂದನ್ನು ಕಿತ್ತು ಸೊಸೆಯ ಕೈಗಿಟ್ಟು ಹೊರಟರು.

ಹೀಗೆ ಎರಡೇ ಎಲೆ ಮಿಕ್ಕ ವಿಜಯವೃಕ್ಷವನ್ನು ತೊಡೆಯ ಮೇಲಿಟ್ಟುಕೊಂಡು ಶ್ವೇತಪರ್ಣಾಹರಣವೀರರು ಪತ್ನೀಸಮೇತರಾಗಿ ಆಟೋದಲ್ಲಿ ಮರಳಿದರು. ಸರ್ವಮಂಗಳಮ್ಮನವರು ಮಿಕ್ಕ ಎರಡು ಎಲೆಗಳನ್ನೂ ಮುಟ್ಟಿ ನೋಡಿದರು.

‘ರೀ, ಕೆಳಗೂ ಜಂಬೇರಿ, ಮೇಲೂ ಜಂಬೇರಿ ಅಂದ್ರಲ್ಲ ಮೇಷ್ಟ್ರು?’

‘ಹೂಂ.’

‘ಹಂಗಾದ್ರೆ ನೀವು ತಲೆ ಕಡೀದೆ ಸುಮ್ನೆ ಬಿಟ್ಟಿದ್ರೂ ಇದೇ ಗಿಡ ಇರ್ತಿತ್ತಲ್ವಾ?’

ಆರಾಧ್ಯರು ರಸ್ತೆಯ ಕಡೆ ತಿರುಗಿದರು.

‘ಇನ್ನೂ ಎರಡಡಿ ಎತ್ತರಾನೂ ಆಗಿರ್ತಿತ್ತು’ ಎಂದರು ಆಕೆ.

‘ಎಡಕ್ಕೆ ತಗೊಳಪ್ಪ’ ಎಂದು ಆರಾಧ್ಯರು ಆಟೋದವನಿಗೆ ಹೇಳಿದರು.