ಎರಡನೇ ಪಂಕ್ತಿಯ ಫ್ರೂಟ್ ಕಾಕ್ಟೇಲ್

ವಿಜ್ಞಾನದ ಮೇಷ್ಟ್ರಾದವನು ಮನಸ್ಸು ಮಾಡಿದರೆ ಬೇಸಿಗೆಯ ಸೊಕ್ಕನ್ನೇ ಅಡಗಿಸಬಲ್ಲ! ಹೀಗೆಂದು ಏಪ್ರಿಲ್ ತಿಂಗಳ ಒಂದು ಶುಕ್ರವಾರ ಸಂಜೆ, ನಮ್ಮ ನಡುಮನೆಯಲ್ಲಿ ಫ್ಯಾನಿನ ಕೆಳಗೆ ನಿಂತು ನಾನು ಘೋಷಿಸಿದೆ. ಕೇಳಿಸಿಕೊಳ್ಳಲು ಇದ್ದವಳು ನನ್ನ ಹೆಂಡತಿ ಮಂಗಳಗೌರಿ ಒಬ್ಬಳೇ. ಅವಳೂ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಏನು ಮಾಡ್ತೀರಿ?" ಅಂದಳು, ತಲೆ ಎತ್ತದೆ.

"ಫ್ರೋಜನ್ ಫ್ರೂಟ್ ಕಾಕ್ಟೇಲ್! ಭಾನುವಾರ ನಿಮ್ಮಣ್ಣ ಬಿಸಿಲಲ್ಲಿ ಬೆವೆತು ಬರ್ತಾರಲ್ಲ, ಒಂದು ಕಪ್ ಕೈಗೆ ಕೊಟ್ಟರೆ ಸಾಕು, ಮೂರು ವರ್ಷದ ಸಿಟ್ಟು ಅಲ್ಲೇ ತಣ್ಣಗಾಗಬೇಕು."

"ಆ ಹೆಸರನ್ನ ಅಣ್ಣನ ಮುಂದೆ ಎತ್ತಬೇಡಿ. ಕೊರಳಲ್ಲಿ ಲಿಂಗ ಕಟ್ಕೊಂಡಿರೋರು. ಈ ಮನೇಲಿ ಕುಡಿಯೋದೂ ಶುರುವಾಯ್ತು ಅಂದ್ಕೋತಾರೆ."

"ಅದರಲ್ಲಿ ಹಣ್ಣು, ಸಕ್ಕರೆ, ನಿಂಬೆರಸ ಬಿಟ್ಟರೆ ಬೇರೇನೂ ಇರಲ್ಲ ಕಣೇ."

"ಹಾಗಿದ್ರೆ ರಸಾಯನ ಅನ್ನಿ. ಬೇಡ, ಏನೂ ಮಾಡ್ಬೇಡಿ. ಅಣ್ಣನ ಎದುರು ನೀವು ಸುಮ್ನೆ ಕೂತಿದ್ರೆ ಅದೇ ದೊಡ್ಡ ಉಪಕಾರ."

ಇಪ್ಪತ್ತೆರಡು ವರ್ಷದಿಂದ ತಿ. ನರಸೀಪುರದ ಮಕ್ಕಳಿಗೆ ಘನ, ದ್ರವ, ಅನಿಲ ಅಂತ ಬೋರ್ಡಿನ ಮೇಲೆ ಬರೆದೂ ಬರೆದೂ ಭುಜ ಸವೆಸಿಕೊಂಡವನಿಗೆ ಈ ಮಾತು ನಾಟದೆ ಇರುತ್ತದೆಯೆ?

ಈಗ ಆ ಅಣ್ಣನ ಸಿಟ್ಟಿನ ಕತೆ ಹೇಳಿಬಿಡಬೇಕು. ನನ್ನ ಭಾವ ಗಂಗಾಧರಸ್ವಾಮಿ ತಗಡೂರಿನವರು. ಬಾಳೆ, ಭತ್ತ ಬೆಳೆದುಕೊಂಡು ಅಚ್ಚುಕಟ್ಟಾಗಿರುವವರು. ಮಾತು ಕಡಿಮೆ, ಅಭಿಮಾನ ಜಾಸ್ತಿ. ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ನಮ್ಮ ಮನೆಯ ಗೃಹಪ್ರವೇಶವಾಯಿತು. ಅವತ್ತು ನಾನು ಹೊಸ ಪಂಚೆ ಉಟ್ಟು, ಕೈಯಲ್ಲಿ ಚೀಟಿ ಹಿಡಿದು, ಯಾರನ್ನು ಎಲ್ಲಿ ಕೂರಿಸಬೇಕೆಂದು ಜಿಲ್ಲಾಧಿಕಾರಿಯಂತೆ ಆಜ್ಞೆ ಮಾಡುತ್ತಿದ್ದೆ. ಊಟಕ್ಕೆ ಹಿತಕಿದ ಬೇಳೆ ಸಾರು. ಅವರೆಕಾಳು ನೆನೆಹಾಕಿ, ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ತೆಗೆದು ಮಾಡುವ ಆ ಸಾರೆಂದರೆ ಭಾವನಿಗೆ ಪ್ರಾಣ. ಅವರು ಎಲೆಯ ಮುಂದೆ ಕೂರಲು ಬಂದರು. ನಾನು ದೊಡ್ಡ ಮನುಷ್ಯನಂತೆ, "ಭಾವ, ನೀವು ಮನೆಯವರು. ಎರಡನೇ ಪಂಕ್ತಿಗೆ ಕೂತ್ಕೊಳ್ಳಿ" ಅಂದೆ.

ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಸಾರು ಮುಗಿದಿತ್ತು. ಭಾವನ ಅನ್ನದ ಮೇಲೆ ತಿಳಿಸಾರು ಬಿತ್ತು. ಅವರು ಅದನ್ನೇ ಉಂಡು, ಕೈ ತೊಳೆದು, ಬಸ್ ಹತ್ತಿ ಹೋದರು. ಹೋದವರು ಮೂರು ವರ್ಷ ಈ ಕಡೆ ತಲೆ ಹಾಕಲಿಲ್ಲ. ತಂಗಿ ಫೋನ್ ಮಾಡಿದರೆ "ಹೂಂ", "ಇಲ್ಲ", "ಮಡುಗ್ತೀನಿ", ಇಷ್ಟೇ.

ಮಂಗಳಗೌರಿ ಪ್ರತಿ ವರ್ಷ ಜನವರಿಯಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಬಂದು, ಹೆಬ್ಬೆರಳಿನ ಉಗುರು ಕಿತ್ತು ಬರುವ ತನಕ ಅವರೆಕಾಳು ಹಿತುಕಿ, ಹಾಲಿನ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿಡುತ್ತಿದ್ದಳು. ಅಣ್ಣ ಯಾವತ್ತಾದರೂ ಬಂದರೆ ಇರಲಿ ಅಂತ. ಜೂನ್‌ವರೆಗೂ ಕಾದು, ಕೊನೆಗೆ ಕಣ್ಣು ಒರೆಸಿಕೊಂಡು ನನಗೇ ಸಾರು ಮಾಡಿ ಹಾಕುತ್ತಿದ್ದಳು. ನಾನು ನಾಚಿಕೆಯಿಲ್ಲದೆ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದೆ. ಈ ಯುಗಾದಿಗೆ ಭಾವ ಫೋನಿನಲ್ಲಿ "ಬತ್ತೀನಿ ಬುಡು" ಅಂದರು. ಅವಳು ಆವತ್ತು ಇಡೀ ದಿನ ನಗುತ್ತಲೇ ಇದ್ದಳು.

ಶನಿವಾರ ಅವಳು ಬ್ಯಾಂಕಿಗೆ ಹೋದ ಮೇಲೆ ಅಡುಗೆಮನೆ ನನ್ನ ಪ್ರಯೋಗಶಾಲೆಯಾಯಿತು. ನಂಜನಗೂಡಿನ ರಸಬಾಳೆ, ಸೋಸಲೆ ಕಡೆಯಿಂದ ಬಂದ ಪರಂಗಿ, ಕಲ್ಲಂಗಡಿ, ದಾಳಿಂಬೆ, ಕಪ್ಪು ದ್ರಾಕ್ಷಿ, ಮಾವು. ಮೊಬೈಲಿನಲ್ಲಿ ಒಬ್ಬ ಹೆಂಗಸು ಐದು ನಿಮಿಷದಲ್ಲಿ ಮಾಡಿ ಮುಗಿಸಿದ್ದನ್ನು ನಾನು ಮೂರು ಗಂಟೆಯಲ್ಲಿ ಮುಗಿಸಿದೆ. ದಾಳಿಂಬೆ ಬಿಡಿಸಿದ ಮೇಲೆ ಗೋಡೆ ನೋಡಿದವರು ಪೊಲೀಸರಿಗೆ ಫೋನ್ ಮಾಡಬೇಕು, ಹಾಗಿತ್ತು. ಸಕ್ಕರೆ ಪಾಕ ಸುರಿದೆ, ನಿಂಬೆ ಹಿಂಡಿದೆ, ಕಿತ್ತಳೆ ರಸ ಹಾಕಿದೆ. ಸಣ್ಣ ಡಬ್ಬಿಯಲ್ಲಿಡಿ ಅಂತ ಆಕೆ ಹೇಳಿದ್ದಳು. ಮನೆಗೆ ಬರುವವರು ಭಾವ! ಸಣ್ಣ ಡಬ್ಬಿಯಲ್ಲಿಟ್ಟರೆ ನನ್ನ ಮರ್ಯಾದೆ ಏನಾಗಬೇಕು? ಹಾಲು ಕಾಯಿಸುವ ಅಗಲ ಪಾತ್ರೆಗೆ ಕಂಠಪೂರ್ತಿ ತುಂಬಿಸಿದೆ.

ಫ್ರೀಜರ್ ತೆಗೆದರೆ ಜಾಗವಿಲ್ಲ. ಅಲ್ಲಿ ನಾಲ್ಕು ಪಾಕೆಟ್ ಹಿತಕಿದ ಬೇಳೆ ಜಮೀನ್ದಾರರ ಹಾಗೆ ಮಲಗಿದೆ. ನನ್ನ ಬುದ್ಧಿ ಚುರುಕಾಯಿತು. ಸಂಜೆ ತನಕ ಪಕ್ಕದ ಮನೆಯ ಫ್ರಿಜ್ಜಿನಲ್ಲಿಟ್ಟರಾಯಿತು! ಪಾಕೆಟ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಪಕ್ಕದ ಮನೆಯ ಮುದ್ದಮ್ಮನವರು ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ಚೀಲದೊಳಗೆ ಇಣುಕಿದರು.

"ಅಯ್ಯೋ ಸಾ, ಈ ಬ್ಯಾಸ್ಗೇಲಿ ಇತ್ಕಿದ್ಬೇಳೆ! ನಾಳೀಕೆ ಒತ್ತಾರೇಲೇ ನಮ್ ಮೊಮ್ಮಗಳ ಮುಡಿ ಕೊಡೋಕೆ ನಂಜನಗೂಡ್ಗೆ ಓಯ್ತಾ ಇವ್ನಿ. ಮದ್ಯಾನ್ಕೆ ನೆಂಟ್ರು ಇಲ್ಗೇ ಊಟಕ್ ಬತ್ತಾರೆ, ಏನಪ್ಪಾ ಸಾರ್ ಮಾಡಾದು ಅಂತಿದ್ದೆ. ನಂ ಮನ್ಸಲ್ಲಿರಾದು ನಿಮ್ಗೆಂಗ್ ಗೊತ್ತಾಯ್ತು ಸಾ? ನಿಮ್ಮಂತ ಮನ್ಸ ಈ ಬೀದೀಲೇ ಇಲ್ಲ."

"ಅದು... ಏನಂದ್ರೆ ಮುದ್ದಮ್ಮನೋರೆ..."

"ಓದ್ದೋರ್ ಬುದ್ಧಿ ಅಂದ್ರೆ ಇದು" ಅಂದರು.

ಓದುಗರೆ, ನನ್ನ ಮೇಲೆ ಸಿಟ್ಟಾಗಬೇಡಿ. ನನಗೆ ಇನ್‌ಕ್ರಿಮೆಂಟ್ ಸಿಕ್ಕಿದೆ, ಹೊಗಳಿಕೆ ಸಿಕ್ಕಿದ್ದು ಬಹಳ ಕಡಿಮೆ. ಬಾಯಿಗೆ ಬಂದ ಮಾತು ಅಲ್ಲೇ ಕರಗಿಹೋಯಿತು, ಚೀಲ ಅವರ ಕೈ ಸೇರಿತು. ಸಂಜೆ ಬಂದು ನಿಧಾನವಾಗಿ ವಿಷಯ ತಿಳಿಸಿದರಾಯಿತು ಅಂದುಕೊಂಡು ಮನೆಗೆ ಬಂದು, ಪಾತ್ರೆಯನ್ನು ಫ್ರೀಜರಿಗೆ ತುರುಕಿ, ಬಾಗಿಲಿಗೆ "ಪ್ರಯೋಗ ನಡೆಯುತ್ತಿದೆ, ತೆರೆಯಬಾರದು" ಎಂದು ಚೀಟಿ ಅಂಟಿಸಿದೆ. ಗಂಟೆಗೊಮ್ಮೆ ಕಲಕಬೇಕು ಅಂತ ಆ ಮೊಬೈಲಿನ ಹೆಂಗಸು ಹೇಳಿದ್ದಳು. ಮೊದಲ ಗಂಟೆಗೇ ನನಗೆ ನಿದ್ದೆ ಬಂತು.

ಸಂಜೆ ಐದಕ್ಕೆ ಹೋದೆ. ಜಗಲಿಯಲ್ಲಿ ಐದು ಜನ ಹೆಂಗಸರು. "ಇವ್ರೇ ಕಣ್ರವ್ವ, ಬೇಳೆ ತಂದ್ಕೊಟ್ಟೋರು!" ಅಂದರು ಮುದ್ದಮ್ಮ. ಐದೂ ಜನ ಕೈ ಮುಗಿದರು. ನಾನೂ ಕೈ ಮುಗಿದು, "ಅದರಲ್ಲೇನಿದೆ ಬಿಡಿ" ಅಂದು ವಾಪಸ್ ಬಂದೆ.

ಮಂಗಳಗೌರಿ ಬಂದವಳೇ ಚೀಟಿ ಓದಿ ನಕ್ಕಳು. "ರೀ, ನನ್ನ ಬೇಳೆ ಹಾಗೇ ಇದೆ ತಾನೆ?"

"ಭದ್ರವಾಗಿದೆ" ಅಂದೆ. ಇದು ಸುಳ್ಳಲ್ಲ. ದ್ರವ್ಯವನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬಹುದು, ಅಷ್ಟೆ.

ಭಾನುವಾರ ಹನ್ನೊಂದೂವರೆಗೆ ಅವಳು ಮಸಾಲೆ ರುಬ್ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಫ್ರೀಜರ್ ತೆಗೆದಳು. ಒಳಗೆ ನನ್ನ ಕಾಕ್ಟೇಲ್ ವಿಶ್ವರೂಪ ತೋರಿಸುತ್ತಿತ್ತು. ಪಾತ್ರೆಯ ಬಾಯಿ ಮೀರಿ ಉಬ್ಬಿ, ಫ್ರೀಜರಿನ ಸೂರಿಗೆ ಹತ್ತಿಕೊಂಡು, ಅಕ್ಕಪಕ್ಕದ ಹಿಮವನ್ನೆಲ್ಲ ಅಪ್ಪಿಕೊಂಡು ಕಲ್ಲಾಗಿ ಕೂತಿತ್ತು. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ. ಎರಡು ಅಂಕದ ಪ್ರಶ್ನೆ. ವರ್ಷಾ ವರ್ಷಾ ನಾನೇ ಕೇಳುವುದು, ನಾನೇ ತಿದ್ದುವುದು!

"ಬೇಳೆ ಎಲ್ರೀ?"

"ಹಿಂದೆ ಇದೆ" ಅಂತ ನಾಲಿಗೆ ತಾನೇ ಹೇಳಿಬಿಟ್ಟಿತು.

ಆಮೇಲೆ ನಡೆದದ್ದು ಕುಸ್ತಿ. ಅವಳು ಎಳೆದಳು, ನಾನು ಎಳೆದೆ. ಬಿಸಿನೀರು ಹೊಯ್ದೆವು, ನೆಲವೆಲ್ಲ ನೀರಾಯಿತೇ ಹೊರತು ಪಾತ್ರೆ ಅಲುಗಲಿಲ್ಲ. ಅವಳು ತಲೆ ಒಣಗಿಸುವ ಡ್ರೈಯರ್ ತಂದಳು. ನಾನು ಲಟ್ಟಣಿಗೆ ಹಿಡಿದು ಪಾತ್ರೆಯ ಅಂಚಿಗೆ ದಬದಬ ಬಾರಿಸಿದೆ. ಬೇಳೆ ಅಲ್ಲಿಲ್ಲ ಅಂತ ಗೊತ್ತಿದ್ದೂ ಅದಕ್ಕಾಗಿ ಇಷ್ಟು ಬೆವರು ಸುರಿಸಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

"ಬೇಗ ಹೊಡೀರಿ, ಅಣ್ಣ ಒಂದು ಗಂಟೆ ಬಸ್ಸಿಗೆ ಬಂದ್ಬಿಡ್ತಾರೆ" ಅನ್ನುತ್ತಿದ್ದಳು ಪಾಪ. ಇನ್ನೂ ಜೋರಾಗಿ ಬಾರಿಸಿದೆ.

ಮುಕ್ಕಾಲು ಗಂಟೆಯ ಮೇಲೆ ಪಾತ್ರೆ ಲಟಕ್ಕೆಂದು ಕಿತ್ತು ಬಂತು. ಜೊತೆಗೆ ಫ್ರೀಜರಿನ ಪ್ಲಾಸ್ಟಿಕ್ ಬಾಗಿಲೂ ಬಂತು. ಮಂಗಳಗೌರಿ ಒಳಗೆ ಕೈ ಹಾಕಿ ತಡಕಿದಳು. ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಎಲ್ಲ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಆ ಒದ್ದೆ ನೆಲದ ಮೇಲೆ ಹಾಗೇ ಕೂತು, "ಮೂರು ವರ್ಷ ಆದ್ಮೇಲೆ ಬರ್ತಿದಾರೆ ಕಣ್ರೀ. ಈ ಸಲವೂ ತಿಳಿಸಾರು ಹಾಕ್ಲಾ?" ಅಂದಳು. ನಾನು ಲಟ್ಟಣಿಗೆಯನ್ನು ಮೆಲ್ಲಗೆ ಕೆಳಗಿಟ್ಟೆ.

ಆಗ ಅಡುಗೆಮನೆಯ ಕಿಟಕಿಯಿಂದ ಘಮ ಬಂತು. ಹಿತಕಿದ ಬೇಳೆ ಸಾರಿನದ್ದು. ಅವಳ ಮೂಗು ಅರಳಿತು.

"ನನ್ನ ಬೇಳೆ" ಅಂದಳು.

"ಎದ್ದೇಳು, ಮುದ್ದಮ್ಮನ ಕಾಲಿಗೆ ಬಿದ್ದಾದರೂ ಒಂದು ಪಾತ್ರೆ ಸಾರು ತರ್ತೀನಿ" ಅಂದೆ. ಬರಿಗೈಯಲ್ಲಿ ಹೇಗೆ ಹೋಗುವುದು? ಆ ಕಾಕ್ಟೇಲಿನ ಬಂಡೆಯನ್ನೇ ಎದೆಗವಚಿಕೊಂಡು ಹೊರಟೆ. ಎದೆ ಮರಗಟ್ಟಿತು. ಹಿಂದೆಯೇ ಅವಳೂ ಬಂದಳು.

ಮುದ್ದಮ್ಮನ ನಡುಮನೆಯಲ್ಲಿ ನೆಂಟರೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದರು. ಮಗ ನಾಗೇಂದ್ರ ಬಡಿಸುತ್ತಿದ್ದ. ಸಾಲಿನ ಮೊದಲ ಎಲೆಯ ಮುಂದೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ಅನ್ನದ ಗುಡ್ಡೆಯ ನಡುವೆ ಸಾರಿನ ಕೆರೆ ಕಟ್ಟಿಕೊಂಡು ಕೂತಿದ್ದವರು ಭಾವ ಗಂಗಾಧರಸ್ವಾಮಿ!

"ಅಣ್ಣ!" ಅಂದಳು ಮಂಗಳಗೌರಿ.

"ಬಾರವ್ವ. ಮುಂಚಿನ್ ಬಸ್ಸೇ ಸಿಕ್ತು" ಅಂದರು ಭಾವ. "ನಿನ್ ಮನೆ ಬಾಗ್ಲಲ್ಲಿ ನಿಂತ್ಕಂಡು ಎಷ್ಟ್ ಕೂಗುದ್ರೂ ಯಾರೂ ಓ ಅನ್ನಲಿಲ್ಲ. ಒಳಗೆ ದಬದಬ ಅಂತ ಸದ್ದು. ಮೇಷ್ಟ್ರು ಯಾರ್ನೋ ಒಡೀತಾವ್ರೆ ಅಂದ್ಕಂಡೆ."

"ಎಲೆ ಆಕೋ ಒತ್ನಲ್ಲಿ ಬಾಗಲ್ಗ್ ಬಂದೋರ್ನ ಬಿಸ್ಲಲ್ ನಿಲ್ಸಕ್ಕಾದದ?" ಅಂದರು ಮುದ್ದಮ್ಮ. "ನಾನೇ ಕರ್ದು ಕೂರಿಸ್ದೆ. ನೀವ್ ತಿಂತಿರಾದು ನಿಮ್ ತಂಗಿ ಮನೆ ಬೇಳೇನೇಯ, ಮೇಷ್ಟ್ರು ನೆನ್ನೆ ಕೈಯಾರ ತಂದ್ಕೊಟ್ರು ಅಂತ್ಲೂ ಏಳ್ದೆ."

"ಬಾಯ್ಗಿಕ್ಕುದ್ ತಕ್ಷಣ ಗೊತ್ತಾಯ್ತು" ಅಂದರು ಭಾವ. "ಒಂದ್ ಸಿಪ್ಪೆ ಇಲ್ಲ. ನಮ್ಮ ಮಂಗಳ ಇತ್ಕಿದ್ರೇನೇ ಇಂಗೆ. ಕುಂತ್ಕೊ ಬಾರವ್ವ, ನನ್ ಪಕ್ದಲ್ಲಿ."

ಒಂದು ಎಲೆ ಸರಿಸಿ ಜಾಗ ಮಾಡಿದರು. ಮಂಗಳಗೌರಿ ಅಳುತ್ತ ನಗುತ್ತ ಹೋಗಿ ಅಣ್ಣನ ಪಕ್ಕ ಕೂತಳು. ನಾನು ಬಂಡೆ ಹಿಡಿದುಕೊಂಡು ಹಲ್ಲು ಕಿರಿಯುತ್ತ ನಿಂತೆ.

ನಾಗೇಂದ್ರ ಅದನ್ನು ಚಮಚದಿಂದ ತೋಡಲು ನೋಡಿದ. ಚಮಚ ಬಾಗಿತು. ಕೊಬ್ಬರಿ ತುರಿಯುವ ಮಣೆ ತಂದ, ಹಣ್ಣು ಜಗ್ಗಲಿಲ್ಲ. ಕೊನೆಗೆ ಮುದ್ದಮ್ಮನೇ ಅದನ್ನು ಟೇಬಲ್ ಫ್ಯಾನಿನ ಮುಂದೆ ಇಟ್ಟರು. ಮಾವು, ಬಾಳೆ, ನಿಂಬೆಯ ಪರಿಮಳ ಹೊತ್ತ ತಂಗಾಳಿ ಪಂಕ್ತಿಯ ಉದ್ದಕ್ಕೂ ಬೀಸಿತು. "ಭೇಷಾಗದೆ ಮೇಷ್ಟ್ರೆ, ಏನಿದ್ರ ಎಸ್ರು?" ಅಂದರು ಭಾವ, ಕಣ್ಣು ಮುಚ್ಚಿಕೊಂಡು.

"ರಸಾಯನ" ಅಂದೆ.

ನನಗೂ ಹಸಿವಾಗಿತ್ತು. ಸಾಲಿನ ತುದಿಯಲ್ಲಿ ಒಂದು ಎಲೆ ಖಾಲಿ ಕಂಡು ಮೆಲ್ಲಗೆ ಕೂರಲು ಹೋದೆ.

"ಮೇಷ್ಟ್ರೆ, ನೀವು ಮನೆಯೋರಿದ್ದಂಗೆ" ಅಂದರು ಮುದ್ದಮ್ಮ, ಬಾಯಿ ತುಂಬ ಪ್ರೀತಿಯಿಂದ. "ಎಲ್ಡನೇ ಪಂಕ್ತಿಗೆ ಕುಂತ್ಕೊಳಿ."

ಭಾವ ತುತ್ತು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಎರಡನೇ ಪಂಕ್ತಿ ಕೂತಿತು. ಅಷ್ಟರಲ್ಲಿ ಕಾಕ್ಟೇಲ್ ಅಂಚಿನಿಂದ ಕರಗಿ ನೀರಾಗತೊಡಗಿತ್ತು. ಒಂದು ಲೋಟ ಹಣ್ಣಿನ ನೀರು ನನ್ನ ಎಲೆಯ ಪಕ್ಕ ಬಂತು. ಅನ್ನ ಬಂತು. ಸಾರಿಗೆ ಎಲೆ ಸರಿಮಾಡಿಕೊಂಡು ಕಾದೆ. ಟವೆಲ್ಲನ್ನು ಸೊಂಟಕ್ಕೆ ಬಿಗಿದುಕೊಂಡು, ಕೈಯಲ್ಲಿ ಸೌಟು ಹಿಡಿದು ಬಂದವರು ಸ್ವತಃ ಭಾವ.

"ಇತ್ಕಿದ್ಬೇಳೆ ಆಗೋಯ್ತು ಮೇಷ್ಟ್ರೆ" ಅಂದರು. ನನ್ನ ಅನ್ನದ ಮೇಲೆ ತಿಳಿಸಾರು ಸುರಿದರು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ಆಡಿದ ಉದ್ದನೆಯ ಮಾತು ಆಮೇಲೆ ಬಂತು.

"ಮೂರೂವರೆಗೆ ಒಂದ್ ಬಸ್ಸದೆ. ಕೈ ತೊಳ್ಕಂಡು ಸಿಟ್ ಮಾಡ್ಕಂಡು ಓಗೋದಾದ್ರೆ ಓಗಿ, ನಂಗೇನೂ ಬ್ಯಾಸ್ರಿಲ್ಲ. ನಾನು ಇನ್ನೂ ಎಲ್ಡು ದಿನ ನಿಮ್ಮನೇಲೇ ಇರ್ತೀನಿ."